ಮೆದುಳಿನ ಸ್ಟೆಮ್ ಸೆಲ್‌ಗಳಿಗೆ ಯಾವುದು ಒಳ್ಳೇದು? ಊಟ, ಉಪವಾಸ, ಓಟ, ಮಾತ್ರೆ, ಹಾರ್ಮೋನು ಹೋಲಿಸಿ ನೋಡೋಣ

ದೊಡ್ಡವರ ಮೆದುಳಲ್ಲೂ ಸ್ಟೆಮ್ ಸೆಲ್‌ಗಳಿಂದ, ಅಂದರೆ ಒಡೆದು ಹೊಸ ಕೋಶ ಕೊಡುವ ಮೂಲಕೋಶಗಳಿಂದ, ಹೊಸ ನರಕೋಶಗಳು ಹುಟ್ಟುತ್ತವೆ ಅಂತ ಗೊತ್ತಾದ ಮೇಲೆ ಎಲ್ಲರೂ ಕೇಳುವುದು ಒಂದೇ: ಹಾಗಾದ್ರೆ ಅದನ್ನು ಜಾಸ್ತಿ ಮಾಡಿಕೊಳ್ಳೋದು ಹೇಗೆ? ಒಬ್ಬರು ಉಪವಾಸ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಮೀನೆಣ್ಣೆ ಅನ್ನುತ್ತಾರೆ, ಮತ್ತೊಬ್ಬರು ಓಡಿ ಅನ್ನುತ್ತಾರೆ, ಹಾರ್ಮೋನ್ ತಗೊಳ್ಳಿ ಅನ್ನುವವರೂ ಇದ್ದಾರೆ. ಪ್ರತಿಯೊಂದಕ್ಕೂ ಯಾವುದೋ ಒಂದು ಇಲಿ ಪ್ರಯೋಗದ ಆಧಾರ ಇದ್ದೇ ಇರುತ್ತದೆ. ಗೊಂದಲ ಆಗೋದೇ ಅದರಿಂದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೈಯಲ್ಲಿ ಏನಾದರೂ ಕೊರತೆ ಇದ್ದರೆ ಮೊದಲು ಅದನ್ನು ತುಂಬಿ. ಆಮೇಲೆ ನಡಿಗೆ, ಓಟ. ಉಪವಾಸ ಅದಾದ ಮೇಲೆ, ಅದೂ ನಿಮ್ಮ ಮೈಗೆ ಒಗ್ಗಿದರೆ ಮಾತ್ರ. ಮಾತ್ರೆ, ಪುಡಿಗಳೆಲ್ಲ ಕೊನೆಗೆ. ಹಾರ್ಮೋನು ರಕ್ತ ಪರೀಕ್ಷೆಯಲ್ಲಿ ಕಡಿಮೆ ಅಂತ ಬಂದರೆ ಮಾತ್ರ, ಡಾಕ್ಟರ್ ಹೇಳಿದರೆ ಮಾತ್ರ. ಈ ಸಾಲು ಯಾಕೆ ಹೀಗೆ ಅನ್ನೋದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ಈ ಸ್ಟೆಮ್ ಸೆಲ್‌ಗಳು ಇರೋದು ಎಲ್ಲಿ?

ಪ್ರಾಣಿಗಳ ಮೆದುಳಲ್ಲಿ ಸ್ಟೆಮ್ ಸೆಲ್ ಮುಖ್ಯವಾಗಿ ಎರಡು ಜಾಗದಲ್ಲಿ ಕಾಣುತ್ತವೆ. ಒಂದು, ಮೆದುಳಿನ ಒಳಗಿನ ನೀರಿನ ಗೂಡುಗಳ ಗೋಡೆ. ಇನ್ನೊಂದು ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪು ಕಟ್ಟುವ ಜಾಗ. ಇಲಿಗಳಲ್ಲಿ ಮೊದಲನೇ ಜಾಗದ ಕೋಶಗಳು ಹೊರಟು ವಾಸನೆ ಗ್ರಹಿಸುವ ಭಾಗಕ್ಕೆ ಹೋಗಿ ಸೇರುತ್ತವೆ. ವಯಸ್ಕ ಮನುಷ್ಯರಲ್ಲಿ ಹಾಗೆ ಸೇರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನಮ್ಮ ಮಾತೆಲ್ಲ ಹಿಪೊಕ್ಯಾಂಪಸ್ ಬಗ್ಗೆ.

1965ರಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟಿದ ಮೇಲೂ ಹೊಸ ನರಕೋಶ ಬರುವುದನ್ನು ತೋರಿಸಿದರು. ಬಹಳ ವರ್ಷ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1998ರಲ್ಲಿ ಪೀಟರ್ ಎರಿಕ್ಸನ್, ಫ್ರೆಡ್ ಗೇಜ್ ತಂಡ ಮನುಷ್ಯರಲ್ಲೂ ಇದನ್ನು ಕಂಡಿತು. ಗಡ್ಡೆಯ ಪರೀಕ್ಷೆಗಾಗಿ, ಹೊಸದಾಗಿ ಒಡೆಯುವ ಕೋಶಗಳಿಗೆ ಗುರುತು ಹಾಕುವ ವಸ್ತುವನ್ನು ಪಡೆದಿದ್ದ ಕ್ಯಾನ್ಸರ್ ರೋಗಿಗಳು ತೀರಿಕೊಂಡ ಮೇಲೆ ಅವರ ಮೆದುಳನ್ನು ನೋಡಿದಾಗ ಆ ಗುರುತು ನರಕೋಶಗಳಲ್ಲಿ ಸಿಕ್ಕಿತು.

ನನಗೆ ತುಂಬಾ ಇಷ್ಟವಾದದ್ದು 2013ರ ಅಧ್ಯಯನ. 1950 ಮತ್ತು 60ರ ದಶಕದಲ್ಲಿ ಬಯಲಲ್ಲಿ ಅಣುಬಾಂಬ್ ಪರೀಕ್ಷೆಗಳು ನಡೆದವಲ್ಲ, ಅದರಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣ ಸೂಸುವ ಕಾರ್ಬನ್ ಏರಿತು. ಗಿಡಗಳು ಅದನ್ನು ಹೀರಿದವು, ಊಟದ ಜೊತೆ ಅದು ಜನರ ಮೈ ಸೇರಿತು, ಆ ಹೊತ್ತಿಗೆ ಹುಟ್ಟುತ್ತಿದ್ದ ಕೋಶಗಳ ಡಿಎನ್‌ಎಯಲ್ಲಿ ಕೂತಿತು. ಆಮೇಲೆ ಗಾಳಿಯಲ್ಲಿ ಅದು ವರ್ಷ ವರ್ಷ ಇಳಿಯುತ್ತಾ ಬಂತು. ಅಂದರೆ ಒಂದು ಕೋಶದ ಡಿಎನ್‌ಎಯಲ್ಲಿರುವ ಕಾರ್ಬನ್ ಅಳೆದರೆ ಅದು ಹುಟ್ಟಿದ ಕಾಲ ಗೊತ್ತಾಗುತ್ತದೆ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಹೀಗೆ ಅಳೆದು, ಪ್ರತಿ ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶ ಸೇರುತ್ತವೆ ಅಂತ ಲೆಕ್ಕ ಹಾಕಿತು. ತಿಂದದ್ದು ಮೆದುಳಿನ ಕೋಶದೊಳಗೆ ಹೋಗಿ ಕೂರುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ನೋಡಿಲ್ಲ.

ಇದನ್ನು ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. 2018ರಲ್ಲಿ ಒಂದು ತಂಡ, ದೊಡ್ಡವರ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಸಿಗಲೇ ಇಲ್ಲ ಅಂತ ಬರೆಯಿತು. ಅದೇ ವರ್ಷ ಇನ್ನೊಂದು ತಂಡ 79 ವಯಸ್ಸಿನವರಲ್ಲೂ ಇದೆ ಅಂತ ಬರೆಯಿತು. 2019ರಲ್ಲಿ ಸ್ಪೇನಿನ ತಂಡವೊಂದು ಸಾವಿರಾರು ಎಳೆಯ ನರಕೋಶ ತೋರಿಸಿ, ಅಲ್ಜೈಮರ್ ಇದ್ದವರಲ್ಲಿ ಅವು ಕಡಿಮೆ ಅಂತ ಹೇಳಿತು. 2025ರಲ್ಲಿ ಫ್ರಿಸೆನ್ ತಂಡವೇ ದೊಡ್ಡವರಲ್ಲಿ ಒಡೆಯುತ್ತಿರುವ ಮೂಲಕೋಶಗಳನ್ನು ಗುರುತಿಸಿತು. ಇದೆಲ್ಲಾ ಓದಿದ ಮೇಲೆ, ಇದೆ, ಆದರೆ ಇಲಿಯಷ್ಟು ಇಲ್ಲ, ಒಬ್ಬೊಬ್ಬರಲ್ಲಿ ಒಂದೊಂದು ತರಹ, ಅನ್ನುವ ಕಡೆ ನಾನಿದ್ದೇನೆ.

ಹೋಲಿಸುವ ಮುಂಚೆ ಎರಡು ಪ್ರಶ್ನೆ

ಯಾರಾದರೂ "ಇದು ಹೊಸ ನರಕೋಶ ಬೆಳೆಸುತ್ತೆ" ಅಂದರೆ ನಾನು ಮೊದಲು ಕೇಳೋದು, ಯಾವ ಹಂತದಲ್ಲಿ ಅಂತ. ಸ್ಟೆಮ್ ಸೆಲ್ ಬಹುಪಾಲು ಸಮಯ ಮಲಗಿರುತ್ತದೆ. ಅದು ಏಳಬೇಕು, ಒಡೆಯಬೇಕು, ಹುಟ್ಟಿದ ಮರಿಕೋಶ ಬದುಕಬೇಕು, ನರಕೋಶವಾಗಿ ಬಲಿಯಬೇಕು, ಹಳೆಯ ಕೋಶಗಳ ಜೊತೆ ಕೊಂಡಿ ಹಾಕಿಕೊಳ್ಳಬೇಕು. ಇಲಿಗಳಲ್ಲಿ ಹುಟ್ಟಿದ ಮರಿಕೋಶಗಳಲ್ಲಿ ಹೆಚ್ಚಿನವು ಕೆಲವೇ ವಾರದಲ್ಲಿ ಸಾಯುತ್ತವೆ. ಹಾಗಾಗಿ ಸುಮ್ನೆ ಹುಟ್ಟು ಜಾಸ್ತಿಯಾದರೆ ಸಾಲದು. ಓಟ ಮುಖ್ಯವಾಗಿ ಒಡೆಯುವ ಹಂತವನ್ನು ಏರಿಸುತ್ತದೆ. ಆಟದ ಸಾಮಾನು, ಸುರಂಗ, ಜೊತೆಗಾರರು ಇರುವ ದೊಡ್ಡ ಗೂಡು ಬದುಕಿ ಉಳಿಯುವ ಹಂತವನ್ನು ಏರಿಸುತ್ತದೆ. ಎರಡೂ ಬೇರೆ ಬೇರೆ ಕೆಲಸ.

ಎರಡನೇ ಪ್ರಶ್ನೆ, ನೋಡಿದ್ದು ಯಾರಲ್ಲಿ? ಗಾಜಿನ ತಟ್ಟೆಯಲ್ಲಾ, ಇಲಿಯಲ್ಲಾ, ಮನುಷ್ಯರಲ್ಲಾ? ಬದುಕಿರುವ ಮನುಷ್ಯರ ತಲೆಯಲ್ಲಿ ಹೊಸ ನರಕೋಶ ಎಣಿಸುವುದಕ್ಕೆ ನಂಬುವಂಥ ವಿಧಾನ ಇನ್ನೂ ಬಂದಿಲ್ಲ. ಮನುಷ್ಯರ ಪ್ರಯೋಗಗಳಲ್ಲಿ ಅಳೆಯೋದು ನೆನಪಿನ ಪರೀಕ್ಷೆಯ ಅಂಕ, ಇಲ್ಲ ಸ್ಕ್ಯಾನ್‌ನಲ್ಲಿ ಕಾಣುವ ಗಾತ್ರ. ಅಂಕ ಏರಿದರೆ ನರಕೋಶ ಹುಟ್ಟಿತು ಅಂತ ಅರ್ಥ ಅಲ್ಲ. ಆದರೂ ನಮಗೆ ಕೊನೆಗೆ ಬೇಕಾಗಿರೋದು ನೆನಪೇ ತಾನೇ, ಹಾಗಾಗಿ ಆ ಅಂಕಕ್ಕೆ ಬೆಲೆ ಇದೆ.

ಉಪವಾಸವೋ, ಓಟವೋ?

ಜನ ಜಾಸ್ತಿ ಕೇಳುವ ಹೋಲಿಕೆ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಉಪವಾಸದ ಪರವಾಗಿ ಇರುವ ವಾದ ಗಟ್ಟಿಯಾಗೇ ಇದೆ. ಅಮೆರಿಕದ ಮಾರ್ಕ್ ಮ್ಯಾಟ್‌ಸನ್ ತಂಡ 2000ದ ಆಸುಪಾಸಿನಲ್ಲಿ ಇಲಿಗಳಿಗೆ ಆಹಾರ ಕಡಿಮೆ ಮಾಡಿ ನೋಡಿತು. ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಜಾಸ್ತಿ ಉಳಿದವು. ಬಿಡಿಎನ್‌ಎಫ್ ಅನ್ನುವ ಪ್ರೋಟೀನ್ ಕೂಡ ಏರಿತು, ಇದು ನರಕೋಶಗಳನ್ನು ಸಾಕುವ ಗೊಬ್ಬರದ ಹಾಗೆ. ಹೊಟ್ಟೆ ಖಾಲಿ ಇದ್ದಾಗ ಜಠರದಿಂದ ಬರುವ ಘ್ರೆಲಿನ್ ಅನ್ನುವ ಹಾರ್ಮೋನು ಕೂಡ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳಿಗೆ ಸಹಾಯ ಮಾಡುವುದನ್ನು ಪ್ರಯೋಗಗಳು ತೋರಿಸಿವೆ. ಅಂದರೆ ಹಸಿವಿನ ಸುದ್ದಿ ಮೆದುಳಿಗೆ ಮುಟ್ಟುವ ದಾರಿಯೂ ಇದೆ.

ಆದರೆ ಹಸಿವು ಜಾಸ್ತಿ ಆದಷ್ಟೂ ಒಳ್ಳೇದು ಅಂತ ತಿಳ್ಕೊಳ್ಳಬೇಡಿ. ಹಣ್ಣಿನ ನೊಣದ ಮರಿಹುಳುವಿನಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಹುಳು ತಿಂದ ಪ್ರೋಟೀನಿನಿಂದ ಅಮೈನೋ ಆಮ್ಲ ಬರುತ್ತದೆ. ಅದರ ಕೊಬ್ಬಿನ ಅಂಗ ಅದನ್ನು ಗುರುತಿಸಿ ಮೆದುಳಿಗೆ ಸುದ್ದಿ ಕಳಿಸುತ್ತದೆ. ಮೆದುಳಲ್ಲಿ ಸ್ಟೆಮ್ ಸೆಲ್ ಪಕ್ಕದಲ್ಲಿ ಆಸರೆಯಾಗಿರುವ ಗ್ಲಿಯಾ ಕೋಶಗಳು ಇನ್ಸುಲಿನ್ ಜಾತಿಯ ವಸ್ತು ಬಿಡುತ್ತವೆ, ಆಗ ಮಲಗಿದ್ದ ಸ್ಟೆಮ್ ಸೆಲ್ ಏಳುತ್ತದೆ. ಪ್ರೋಟೀನ್ ಕೊಡದಿದ್ದರೆ ಅದು ಏಳುವುದೇ ಇಲ್ಲ. ನಾವು ನೊಣ ಅಲ್ಲ, ಸರಿ. ಆದರೂ ಊಟದಿಂದ ಹಾರ್ಮೋನು, ಹಾರ್ಮೋನಿನಿಂದ ಸ್ಟೆಮ್ ಸೆಲ್ ಅನ್ನುವ ಈ ಸರಪಳಿ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಬೇರೆ ಇಲ್ಲ. ಉಪವಾಸ ಮಾಡುವವರೂ ಊಟದ ಹೊತ್ತಿನಲ್ಲಿ ಪ್ರೋಟೀನ್ ಸರಿಯಾಗಿ ತಿನ್ನಲೇಬೇಕು ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಕೊಬ್ಬಿನ ಕತೆಯೂ ಹೀಗೇ ಎರಡು ಮುಖದ್ದು. ಜ್ಯೂರಿಕ್‌ನಲ್ಲಿ ಮಾರ್ಲೆನ್ ಕ್ನೋಬ್ಲಾಕ್ ಮತ್ತು ಸೆಬಾಸ್ಟಿಯನ್ ಯೆಸ್‌ಬರ್ಗರ್ ಇಲಿಗಳಲ್ಲಿ ನೋಡಿದ ಪ್ರಕಾರ, ಮಲಗಿರುವ ಸ್ಟೆಮ್ ಸೆಲ್ ಕೊಬ್ಬನ್ನು ಉರಿಸಿಕೊಂಡು ಇರುತ್ತದೆ, ಎದ್ದು ಒಡೆಯೋಕೆ ಶುರು ಮಾಡಿದಾಗ ಕೊಬ್ಬನ್ನು ತಾನೇ ತಯಾರು ಮಾಡುತ್ತದೆ. ಒಂದು ಕೋಶ ಎರಡಾಗಬೇಕಾದರೆ ಹೊಸ ಪೊರೆ ಬೇಕಲ್ವಾ, ಆ ಪೊರೆಗೆ ಕೊಬ್ಬು ಬೇಕು.

ಈಗ ಓಟ. 1999ರಲ್ಲಿ ಹೆನ್ರಿಯೆಟ್ ವಾನ್ ಪ್ರಾಗ್, ಗೇಜ್ ಮತ್ತು ಜೊತೆಗಾರರು ಇಲಿಗಳ ಗೂಡಿಗೆ ಒಂದು ಚಕ್ರ ಇಟ್ಟರು. ಯಾರೂ ಓಡಿಸಲಿಲ್ಲ. ಕತ್ತಲಾದ ಮೇಲೆ ಇಲಿ ತಾನೇ ಹತ್ತಿ ಓಡುತ್ತದೆ, ಇಳಿಯುತ್ತದೆ, ನೀರು ಕುಡಿದು ಮತ್ತೆ ಹತ್ತುತ್ತದೆ, ಒಂದೇ ರಾತ್ರಿಯಲ್ಲಿ ಕಿಲೋಮೀಟರುಗಟ್ಟಲೆ. ಓಡಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶ ಬಹಳ ಜಾಸ್ತಿ ಇತ್ತು. ಇಲ್ಲೂ ನಡುವೆ ಹಾರ್ಮೋನಿನ ಕೈ ಇದೆ. 2001ರಲ್ಲಿ ಸ್ಪೇನಿನ ತಂಡವೊಂದು ರಕ್ತದಲ್ಲಿರುವ ಐಜಿಎಫ್-1 ಅನ್ನುವ, ಕೋಶಗಳನ್ನು ಬೆಳೆಸುವ ಹಾರ್ಮೋನು ಮೆದುಳಿಗೆ ಹೋಗದಂತೆ ತಡೆಯಿತು. ಇಲಿಗಳು ಓಡಿದರೂ ಹೊಸ ಕೋಶ ಜಾಸ್ತಿ ಆಗಲಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, 2011ರ ಒಂದು ಪ್ರಯೋಗದಲ್ಲಿ 120 ವಯಸ್ಸಾದವರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಒಂದು ಗುಂಪು ವಾರಕ್ಕೆ 3 ದಿನ, ನಿಧಾನವಾಗಿ ಏರಿಸುತ್ತಾ 40 ನಿಮಿಷದವರೆಗೆ ಬಿರುಸಾಗಿ ನಡೆಯಿತು. ಇನ್ನೊಂದು ಗುಂಪು ಮೈ ಸಡಿಲಿಸುವ ಹಗುರ ವ್ಯಾಯಾಮ ಮಾಡಿತು. ನಡೆದವರ ಹಿಪೊಕ್ಯಾಂಪಸ್ ಸುಮಾರು 2% ದೊಡ್ಡದಾಯಿತು, ಇನ್ನೊಂದು ಗುಂಪಿನಲ್ಲಿ ಸುಮಾರು 1.4% ಕುಗ್ಗಿತು. ಗಾತ್ರ ಏರಿದ್ದು ಹೊಸ ನರಕೋಶದಿಂದಲೇ ಅಂತ ಹೇಳೋಕಾಗಲ್ಲ, ರಕ್ತನಾಳಗಳೂ ಕಾರಣ ಇರಬಹುದು. ಆದರೆ ಉಪವಾಸಕ್ಕೆ ಹೀಗೆ ಹಿಪೊಕ್ಯಾಂಪಸ್ ಮೇಲೇ ಕಣ್ಣಿಟ್ಟು ವರ್ಷಗಟ್ಟಲೆ ನಡೆದ ಪ್ರಯೋಗ ನಾನು ನೋಡಿಲ್ಲ.

ಹಾಗಾಗಿ ಎರಡರಲ್ಲಿ ಒಂದು ಅಂದರೆ ನನ್ನ ಆಯ್ಕೆ ನಡಿಗೆ. ಉಪವಾಸ ಎಲ್ಲರಿಗೂ ಆಗೋದಲ್ಲ ಅನ್ನೋದೂ ಒಂದು ಕಾರಣ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರು, ಬಸುರಿಯರು, ಹಾಲೂಡಿಸುವವರು, ಬೆಳೆಯುವ ಮಕ್ಕಳು, ಮೊದಲೇ ತೂಕ ಇಳಿಯುತ್ತಿರುವ ವಯಸ್ಸಾದವರು, ಊಟದ ಜೊತೆ ಮನಸ್ಸಿನ ಕಷ್ಟ ಇರುವವರು ಇದಕ್ಕೆ ಕೈ ಹಾಕಬಾರದು, ಹಾಕುವುದೇ ಆದರೆ ಡಾಕ್ಟರ್ ಕೇಳದೆ ಬೇಡ.

ಒಂದು ಮಾತು ಸೇರಿಸುತ್ತೇನೆ, ಇದು ನನ್ನ ಮನಸ್ಸಿಗೆ ತಟ್ಟಿದ್ದು. 2006ರಲ್ಲಿ ಎಲಿಜಬೆತ್ ಗೌಲ್ಡ್ ತಂಡ ಒಂಟಿಯಾಗಿ ಇಟ್ಟ ಇಲಿಗಳಿಗೂ, ಗುಂಪಿನಲ್ಲಿಟ್ಟ ಇಲಿಗಳಿಗೂ ಓಡಲು ಚಕ್ರ ಕೊಟ್ಟಿತು. ಗುಂಪಿನ ಇಲಿಗಳಲ್ಲಿ ಹೊಸ ಕೋಶ ಬೇಗ ಏರಿತು. ಒಂಟಿ ಇಲಿಗಳಲ್ಲಿ ಕೆಲವು ದಿನ ಏರಲೇ ಇಲ್ಲ, ಬದಲು ಒತ್ತಡದ ಹಾರ್ಮೋನು ಅಡ್ಡ ಬಂತು. ಸಾಧ್ಯವಾದರೆ ಯಾರ ಜೊತೆಗಾದರೂ ನಡೆಯಿರಿ.

ಊಟವೋ, ಮಾತ್ರೆಯೋ?

ಇಲ್ಲಿ ನನ್ನ ನಿಲುವು ತುಂಬಾ ಸರಳ. ಕೊರತೆ ತುಂಬುವುದಕ್ಕೆ ಇರುವ ಸಾಕ್ಷಿ ಗಟ್ಟಿ. ಇರುವುದರ ಮೇಲೆ ಇನ್ನಷ್ಟು ಸುರಿಯುವುದಕ್ಕೆ ಇರುವ ಸಾಕ್ಷಿ ತೆಳು.

ಇಲಿಗಳಿಗೆ ಫೋಲೇಟ್ ಅನ್ನುವ ಬಿ ವಿಟಮಿನ್ ಕಡಿಮೆ ಕೊಟ್ಟರೆ ಹಿಪೊಕ್ಯಾಂಪಸ್‌ನಲ್ಲಿ ಒಡೆಯುವ ಕೋಶಗಳು ಇಳಿಯುತ್ತವೆ. ಸತು ಕಡಿಮೆಯಾದರೂ ಹಾಗೇ. ಕಾರಣ ಅರ್ಥವಾಗುವಂಥದ್ದೇ: ಫೋಲೇಟ್ ಇಲ್ಲದೆ ಹೊಸ ಡಿಎನ್‌ಎ ಕಟ್ಟೋಕಾಗಲ್ಲ, ಡಿಎನ್‌ಎ ಇಲ್ಲದೆ ಕೋಶ ಎರಡಾಗಲ್ಲ. ಬಿ12 ಕೂಡ ಅದೇ ಕೆಲಸದ ಜೊತೆಗಾರ. ಮಾಂಸ, ಮೊಟ್ಟೆ, ಹಾಲು ಯಾವುದೂ ಮುಟ್ಟದವರು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರು ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಮಾತ್ರೆ ತಗೊಳ್ಳೋದರಲ್ಲಿ ಎರಡು ಮಾತಿಲ್ಲ. ಸರಿಯಾಗಿದ್ದರೆ ಇನ್ನೊಂದು ಡಬ್ಬಿ ಬೇಡ.

ಮೀನೆಣ್ಣೆ ಕ್ಯಾಪ್ಸೂಲ್ ಮನೆಯಲ್ಲಿದ್ದರೆ ಡಬ್ಬಿಯನ್ನು ಹಿಂದೆ ತಿರುಗಿಸಿ ಓದಿ. ಮುಂದುಗಡೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತ ಇರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ಸಣ್ಣಕ್ಷರದಲ್ಲಿ ನೋಡಿದರೆ ಸಾಧಾರಣ ಡಬ್ಬಿಗಳಲ್ಲಿ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಅಂತ ಇರುತ್ತದೆ. ಮೆದುಳಿನ ಪೊರೆಗಳಲ್ಲಿ ಸೇರುವ ಮುಖ್ಯ ಒಮೆಗಾ-3 ಕೊಬ್ಬು ಈ ಡಿಎಚ್‌ಎ, ಇಲಿಗಳಲ್ಲಿ ಹೊಸ ನರಕೋಶಕ್ಕೆ ನೆರವಾಗಿದ್ದೂ ಅದೇ. ನೀವು ದುಡ್ಡು ಕೊಟ್ಟ ಸಾವಿರದಲ್ಲಿ ಅದು 120 ಮಾತ್ರ. ಇನ್ನು ಮನುಷ್ಯರಲ್ಲಿ, 2015ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಸುಮಾರು 3500 ವಯಸ್ಸಾದವರು 5 ವರ್ಷ ಒಮೆಗಾ-3 ತಗೊಂಡೋ ತಗೊಳ್ಳದೆಯೋ ಇದ್ದರು, ಬುದ್ಧಿಶಕ್ತಿಯ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೀನು ತಿನ್ನುವವರು ವಾರಕ್ಕೆರಡು ಸಲ ತಿನ್ನಿ, ಸಾಕು. ತಿನ್ನದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಸಿಗುತ್ತದೆ.

ಕೋಕೋ, ಬೆರ್ರಿ ಹಣ್ಣು, ಚಹಾಗಳಲ್ಲಿರುವ ಫ್ಲೇವನಾಲ್‌ಗಳ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಭರವಸೆ ಇದೆ. 2014ರಲ್ಲಿ 50ರಿಂದ 69 ವಯಸ್ಸಿನ 37 ಜನರ ಸಣ್ಣ ಪ್ರಯೋಗದಲ್ಲಿ, 3 ತಿಂಗಳು ಫ್ಲೇವನಾಲ್ ಹೆಚ್ಚಿರುವ ಕೋಕೋ ಕುಡಿದವರಲ್ಲಿ ಡೆಂಟೇಟ್ ಗೈರಸ್, ಅಂದರೆ ಹಿಪೊಕ್ಯಾಂಪಸ್‌ನಲ್ಲಿ ಈ ಸ್ಟೆಮ್ ಸೆಲ್‌ಗಳು ಇರುವ ಭಾಗವೇ, ಚೆನ್ನಾಗಿ ಕೆಲಸ ಮಾಡಿತು. 2023ರಲ್ಲಿ 3500ಕ್ಕೂ ಹೆಚ್ಚು ಜನರಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೊಟ್ಟು ನೋಡಿದಾಗ, ಲಾಭ ಕಂಡಿದ್ದು ಮುಂಚೆ ಊಟದಲ್ಲಿ ಫ್ಲೇವನಾಲ್ ಕಡಿಮೆ ಇದ್ದವರಲ್ಲಿ. ನೋಡಿ, ಮತ್ತೆ ಕೊರತೆಯ ಮಾತೇ ಬಂತು. ಅಂಗಡಿಯ ಸಿಹಿ ಚಾಕಲೇಟಿಗೆ ಈ ಫಲಿತಾಂಶ ಅಂಟಿಸಬೇಡಿ, ಕೋಕೋ ಸಂಸ್ಕರಿಸುವಾಗ ಫ್ಲೇವನಾಲ್ ಬಹಳಷ್ಟು ಹೋಗಿಬಿಡುತ್ತದೆ.

ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಇಲಿಯ ಕೋಶಗಳಿಗೆ ಸ್ವಲ್ಪ ಹಾಕಿದರೆ ಅವು ಒಡೆಯುವುದನ್ನು ಏರಿಸಿತು, ಜಾಸ್ತಿ ಹಾಕಿದರೆ ಕೊಂದಿತು. ಬಾಯಿಂದ ತಗೊಂಡರೆ ರಕ್ತಕ್ಕೆ ಸೇರುವುದೂ ಕಡಿಮೆ. ಮಾತ್ರೆಯಾಗಿ ನಾನಂತೂ ತಗೊಳ್ಳಲ್ಲ.

ಬಿಡಬೇಕಾದ್ದರ ಬಗ್ಗೆ ಚುಟುಕಾಗಿ: ಕೊಬ್ಬು ತುಂಬಿದ ಆಹಾರ 4 ವಾರ ತಿಂದ ಗಂಡು ಇಲಿಗಳಲ್ಲಿ ಹೊಸ ಕೋಶ ಇಳಿಯಿತು, ಮದ್ಯ ಕೊಟ್ಟ ಇಲಿಗಳಲ್ಲೂ ಇಳಿಯಿತು. ಯಾವ ಮಾತ್ರೆ ತಗೊಳ್ಳಲಿ ಅಂತ ಯೋಚಿಸುವ ಮುಂಚೆ ಕುಡಿತ ಬಿಡುವುದೇ ದೊಡ್ಡ ಲಾಭ.

ಹಾರ್ಮೋನು: ಸರಿಪಡಿಸುವುದು ಬೇರೆ, ಸೇರಿಸುವುದು ಬೇರೆ

ನಮ್ಮ ಚಿಕ್ಕಮ್ಮ ಎಂಟು ತಿಂಗಳು ನೆನಪಿನ ಶಕ್ತಿಯ ಮಾತ್ರೆ ನುಂಗಿದರು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಪರಿಚಯದವರ ಹೆಸರು ನಾಲಿಗೆ ತುದಿಯಲ್ಲೇ ನಿಲ್ಲುತ್ತಿತ್ತು, ಸೆಕೆಯಲ್ಲೂ ಸ್ವೆಟರ್ ಬೇಕು ಅನ್ನುತ್ತಿದ್ದರು. ಸ್ವೆಟರ್ ವಿಷಯ ಕೇಳಿದ ಡಾಕ್ಟರ್ ಮೊದಲು ಬರೆದಿದ್ದೇ ಥೈರಾಯ್ಡ್ ಪರೀಕ್ಷೆ. ಟಿಎಸ್‌ಎಚ್ ತುಂಬಾ ಮೇಲಿತ್ತು, ಅಂದರೆ ಥೈರಾಯ್ಡ್ ಹಾರ್ಮೋನು ಸಾಲುತ್ತಿರಲಿಲ್ಲ. ಬೆಳೆದ ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನು ಇಳಿಸಿದರೆ ಹಿಪೊಕ್ಯಾಂಪಸ್‌ನ ಹೊಸ ಕೋಶಗಳು ಬದುಕಿ ನರಕೋಶವಾಗುವುದು ಕಡಿಮೆಯಾಗುತ್ತದೆ, ಹಾರ್ಮೋನು ವಾಪಸ್ ಕೊಟ್ಟರೆ ಸರಿಹೋಗುತ್ತದೆ. ಚಿಕ್ಕಮ್ಮನ ತಲೆಯೊಳಗೆ ಅದೇ ಆಯಿತು ಅಂತ ನಾನು ಹೇಳಲ್ಲ. ಆದರೆ ಮರೆವು, ಸುಸ್ತು, ಚಳಿ ಮೂರೂ ಒಟ್ಟಿಗೆ ಇರುವವರು ದಯವಿಟ್ಟು ಬೇರೆಲ್ಲದಕ್ಕಿಂತ ಮೊದಲು ಈ ಪರೀಕ್ಷೆ ಮಾಡಿಸಿ.

ಕಾರ್ಟಿಸಾಲ್ ಒತ್ತಡದ ಹಾರ್ಮೋನು. ಇಲಿಗಳಲ್ಲಿ ಅದೇ ಜಾತಿಯ ಹಾರ್ಮೋನು ಬಹಳ ದಿನ ಮೇಲೇ ಇದ್ದರೆ ಸ್ಟೆಮ್ ಸೆಲ್ ಒಡೆಯುವುದು ಇಳಿಯುತ್ತದೆ. 1999ರಲ್ಲಿ ಮುದಿ ಇಲಿಗಳ ಅಡ್ರಿನಲ್ ಗ್ರಂಥಿ ತೆಗೆದು ಈ ಹಾರ್ಮೋನು ಇಳಿಸಿದಾಗ ಹೊಸ ಕೋಶಗಳ ಹುಟ್ಟು ಎಳೆಯ ಇಲಿಗಳ ಮಟ್ಟಕ್ಕೆ ಮರಳಿತು. ಅಂದರೆ ಸ್ಟೆಮ್ ಸೆಲ್ ಸತ್ತಿರಲಿಲ್ಲ, ಅದುಮಿ ಇಟ್ಟಂತಿತ್ತು. ನನಗೆ ಇಡೀ ವಿಷಯದಲ್ಲಿ ಹೆಚ್ಚು ಧೈರ್ಯ ಕೊಟ್ಟಿದ್ದು ಇದು. ಓಡಿದಾಗಲೂ ಈ ಹಾರ್ಮೋನು ಏರುತ್ತದೆ, ಆದರೆ ಏರಿ ಇಳಿಯುತ್ತದೆ, ಅದು ತೊಂದರೆ ಕೊಡುವುದಿಲ್ಲ. ಇಳಿಯದೆ ಉಳಿದುಬಿಡುವ ಒತ್ತಡ, ನಿದ್ದೆಗೇಡು, ಇವು ಬೇರೆ. ಕಾರ್ಟಿಸಾಲ್ ಇಳಿಸುತ್ತೇವೆ ಅನ್ನುವ ಪುಡಿಗಳಿಗಿಂತ ನಿದ್ದೆ ಸರಿಮಾಡಿಕೊಳ್ಳುವುದನ್ನು ಆರಿಸಿ. ಆಸ್ತಮಾಕ್ಕೋ ಕೀಲುನೋವಿಗೋ ಕಾರ್ಟಿಸಾಲ್ ಜಾತಿಯದೇ ಆದ ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು ಇದನ್ನು ಓದಿ ಹೆದರಿ ನಿಲ್ಲಿಸಿಬಿಡಬೇಡಿ, ಹಠಾತ್ತನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಹೆಣ್ಣಿನ ಹಾರ್ಮೋನು ಈಸ್ಟ್ರೋಜೆನ್ ವಿಷಯದಲ್ಲಿ ಇಲಿ ಒಂದು ಹೇಳಿತು, ಮನುಷ್ಯರಲ್ಲಿ ಇನ್ನೊಂದು ಕಂಡಿತು. ಹೆಣ್ಣು ಇಲಿಗಳಲ್ಲಿ ಈಸ್ಟ್ರೋಜೆನ್ ಏರಿದ ದಿನಗಳಲ್ಲಿ ಕೋಶ ಒಡೆಯುವುದು ಸ್ವಲ್ಪ ಹೊತ್ತು ಏರುತ್ತದೆ. ಇದನ್ನು ನಂಬಿ ವಯಸ್ಸಾದ ಹೆಂಗಸರಿಗೆ ಕೊಟ್ಟರೆ? ಅಮೆರಿಕದಲ್ಲಿ 65 ದಾಟಿದ 4532 ಹೆಂಗಸರಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹೆಣ್ಣು ಹಾರ್ಮೋನು ಒಟ್ಟಿಗೆ ಕೊಟ್ಟು ನೋಡಿದರು. 2003ರಲ್ಲಿ ಫಲಿತಾಂಶ ಬಂದಾಗ ಮರೆಗುಳಿ ಕಾಯಿಲೆಯ ಅಪಾಯ ಸುಮಾರು ಎರಡರಷ್ಟು ಆಗಿತ್ತು. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮೈ ಕಾವು, ಬೆವರು, ನಿದ್ದೆಗೇಡು ತಡೆಯಲಾರದೆ ಡಾಕ್ಟರ್ ಸಲಹೆಯಂತೆ ತಗೊಳ್ಳುವುದು ಬೇರೆ ಮಾತು, ಅದರಲ್ಲಿ ಅರ್ಥ ಇದೆ. ನೆನಪು ಉಳಿಸಿಕೊಳ್ಳಲು ಅಂತ 65ರ ಮೇಲೆ ಶುರುಮಾಡುವುದು ಬೇಡವೇ ಬೇಡ.

ಗಂಡಿನ ಹಾರ್ಮೋನು ಟೆಸ್ಟೋಸ್ಟೆರೋನ್ ಗಂಡು ಇಲಿಗಳಲ್ಲಿ ಹೊಸ ಕೋಶಗಳನ್ನು ಉಳಿಸಿತು, ಹುಟ್ಟು ಏರಿಸಲಿಲ್ಲ. ಕೊರತೆ ಪಕ್ಕಾ ಆಗದೆ ಅದರ ಕಡೆ ಹೋಗಬೇಡಿ. ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಅಂತೂ ದೂರ ಇಡಿ. ಅದು ಏರಿಸುವ ಐಜಿಎಫ್-1 ಮೈಯಲ್ಲಿರುವ ಬೇರೆ ಕೋಶಗಳಿಗೂ ಬೆಳೆ ಅಂತಲೇ ಹೇಳುತ್ತದೆ, ಅದರಲ್ಲಿ ಬೆಳೆಯಬಾರದ ಕೋಶಗಳೂ ಇರುತ್ತವೆ. ನಡಿಗೆಯಿಂದ ಏಳುವ ಮೈಯ ಸ್ವಂತ ಸಂದೇಶಗಳೇ ಸಾಕು.

ಯಾವುದು ಆರಿಸಿದರೂ ಎಷ್ಟು ದಿನ ಕಾಯಬೇಕು ಅಂತ ಕೇಳುತ್ತೀರಿ. ಇಲಿಯಲ್ಲಿ ಹುಟ್ಟಿದ ಕೋಶ ಕೆಲಸಕ್ಕೆ ಬರೋಕೆ ನಾಲ್ಕರಿಂದ ಎಂಟು ವಾರ ಬೇಕು. ಕೋತಿಗಳಲ್ಲಿ 6 ತಿಂಗಳಿಗೂ ಮೀರುತ್ತದೆ. ಆದ್ದರಿಂದ ಹದಿನೈದು ದಿನ ನಡೆದು ಏನೂ ಆಗಲಿಲ್ಲ ಅಂತ ಬಿಡಬೇಡಿ, ಒಂದು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆ ಶುರುಮಾಡಿದವರು ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ. ಚಿಕ್ಕಮ್ಮನಿಗೆ ಎರಡು ಸಲ ಡೋಸ್ ಬದಲಾಯಿಸಬೇಕಾಯಿತು. ಮೂರನೇ ರಿಪೋರ್ಟ್ ತರೋಕೆ ಅವರು ಒಬ್ಬರೇ ನಡೆದು ಹೋದರು, ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕ ಹಳೆ ಪರಿಚಯದವರನ್ನು ಹೆಸರು ಹಿಡಿದೇ ಮಾತಾಡಿಸಿದರಂತೆ.